ಸ್ಟ್ರೈಕ್ ಅಂದರೆ ಬಸ್ಸಿಲ್ಲ

ನನಗೆ ಕ್ಯಾನ್ಸರ್ ಆದ ವರ್ಷ ನಾನು ಅಮೆರಿಕದ ಒಂದು ಬೇಸ್‌ಬಾಲ್ ತಂಡದ ಆಟಗಳನ್ನು ಬಿಡದೆ ನೋಡಿದೆ. ಅಭಿಮಾನದಿಂದ ಅಲ್ಲ. ಅಷ್ಟು ಕೆಟ್ಟದಾಗಿ ಆಡುವುದಕ್ಕೂ ಸಂಬಳ ಸಿಗುತ್ತದೆ ಎಂಬುದನ್ನು ನಂಬಲಾಗದೆ ನೋಡಿದೆ. ತಂಡದ ಹೆಸರು ಬರೆಯುವುದಿಲ್ಲ; ಅವರಿಗೆ ಇಲ್ಲಿಯೂ ಜಾಗ ಕೊಡುವಷ್ಟು ಉದಾರಿ ನಾನಲ್ಲ.

ಈಗ ಚೆನ್ನಾಗಿದ್ದೇನೆ. ವರ್ಷಕ್ಕೊಮ್ಮೆ ಮಣಿಪಾಲಕ್ಕೆ ಹೋಗಿ ಡಾಕ್ಟರ ಕೈಗೆ ಕುತ್ತಿಗೆ ಕೊಟ್ಟು ಬರುತ್ತೇನೆ. ಇತ್ತೀಚೆಗೆ ಸಹೋದ್ಯೋಗಿಯೊಬ್ಬರು, "ನಿಮ್ಮ ಹಾಗೆ ಧೈರ್ಯದಿಂದ ಎದುರಿಸಿದವರು ಬರೆಯಬೇಕು" ಎಂದರು. ನನ್ನಲ್ಲಿ ಧೈರ್ಯ ಇರಲಿಲ್ಲ. ಇದ್ದದ್ದು ಸಿಡುಕು. ಸಿಡುಕಿಕೊಂಡೇ ದಾಟಬಹುದು ಎಂದು ಆಗ ಯಾರೂ ನನಗೆ ಹೇಳಲಿಲ್ಲ. ಈ ಹೊತ್ತು ಎಲ್ಲೋ ಒಂದು ಆಸ್ಪತ್ರೆಯ ಕುರ್ಚಿಯಲ್ಲಿ, ಯಾರನ್ನು ಕಂಡರೂ ಸಿಟ್ಟು ಬರುತ್ತದಲ್ಲ, ನಾನು ಕೆಟ್ಟವಳೇನೋ ಎಂದುಕೊಳ್ಳುತ್ತ ಕೂತಿರುವ ಹೆಣ್ಣುಮಗಳೊಬ್ಬಳು ಇದ್ದರೆ, ಇದು ಅವಳಿಗೆ.

ಆಗ ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಹೊಸದಾಗಿ ಸೇರಿದ್ದೆ. ವಾರವಿಡೀ ಅಲ್ಲಿ ಬಾಡಿಗೆ ಕೋಣೆ, ಶನಿವಾರ ಕಾಪುವಿಗೆ, ಅಮ್ಮನ ಮನೆಗೆ. ಒಂದು ಬೆಳಗ್ಗೆ ಜಡೆ ಹಾಕುವಾಗ ಕುತ್ತಿಗೆಯ ಬುಡದಲ್ಲಿ ಹಲಸಿನ ಬೀಜದಂಥದ್ದೊಂದು ಬೆರಳಿಗೆ ತಾಗಿತು. ನೋವಿರಲಿಲ್ಲ. ನೋವಿಲ್ಲದಿದ್ದರೆ ಭಯವಿಲ್ಲ ಎಂದುಕೊಂಡೆ. ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಬಂದವಳ ಬುದ್ಧಿ ಇಷ್ಟು. ಶೀತದ ಗಡ್ಡೆಯೆಂದು ಸ್ವಲ್ಪ ಕಾಲ ಮಾತ್ರೆ ನುಂಗಿದೆ. ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯಿತು. ಕೊನೆಗೆ ಮಣಿಪಾಲದಲ್ಲಿ ಅದರ ತುಂಡೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶದ ದಿನ ಅಮ್ಮ ಮತ್ತು ನಾನು ಕಾರಿಡಾರಿನ ಬೆಂಚಿನಲ್ಲಿ ಕಾದೆವು. ಅಮ್ಮ ಚೀಲದಿಂದ ಚಕ್ಕುಲಿ ತೆಗೆದು ಪಕ್ಕದವರಿಗೆಲ್ಲ ಹಂಚಿದಳು, ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೊರಟವಳ ಹಾಗೆ. ಒಳಗೆ ಡಾಕ್ಟರು ಲಿಂಫೋಮಾ ಎಂದರು, ಇದು ಗುಣವಾಗುವ ಜಾತಿಯದು ಎಂದರು, ಹದಿನೈದು ದಿನಕ್ಕೊಮ್ಮೆ ಇಂಜೆಕ್ಷನ್, ತಪ್ಪಿಸಬಾರದು ಎಂದರು. ಎಲ್ಲ ಕೇಳಿದ ಮೇಲೆ ಅಮ್ಮ ಕೇಳಿದ ಪ್ರಶ್ನೆ ಒಂದೇ.

"ಕುತ್ತಿಗೆಯಲ್ಲಿ ಕಲೆ ಉಳೀತದಾ ಡಾಕ್ಟ್ರೇ?"

ನಾನು ಗೋಡೆಯ ಕಡೆ ನೋಡಿದೆ. ಮಗಳ ಮದುವೆಯ ಫೋಟೋದಲ್ಲಿ ಕಾಣುವ ಕಲೆಯ ಬಗ್ಗೆ ಅವಳಿಗೆ ಚಿಂತೆ. ಮದುವೆಗೆ ಮಗಳು ಇರುತ್ತಾಳೆ ಎಂದು ಗಟ್ಟಿಯಾಗಿ ನಂಬಿದ್ದವಳು ಆ ಕೋಣೆಯಲ್ಲಿ ಅವಳೊಬ್ಬಳೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆ ದಿನ ಬರೀ ಹೇಸಿಗೆಯಾಯಿತು.

ಕಾಲೇಜಿಗೆ ದೀರ್ಘ ರಜೆ ಹಾಕಿ ಕಾಪುವಿಗೆ ಬಂದೆ. ಊರಿಗೆ ಅಮ್ಮ "ಥೈರಾಯ್ಡ್" ಎಂದು ಹೇಳಿದಳು. ಕಾಪುವಿನಲ್ಲಿ ಅದಕ್ಕೆ ಮರ್ಯಾದೆ ಉಂಟು. ಅರ್ಧ ಊರಿಗೆ ಅದಿತ್ತು. ಜನ ನೋಡಲು ಬಂದರು. ನಮ್ಮ ಕಡೆ ಸೀಕಿನವರನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ, ಬ್ರೆಡ್ಡು ಒಯ್ಯುತ್ತಾರೆ. ಯಾವ ಕಾಯಿಲೆಗೆ ಬ್ರೆಡ್ಡು ಔಷಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದು ಬೂಷ್ಟು ಹಿಡಿದು ಹಸಿರಾಯಿತು. ಬಂದವರು ನನ್ನ ಮುಖ ಬಿಟ್ಟು ಕುತ್ತಿಗೆಯ ಜತೆ ಮಾತನಾಡಿದರು. "ಪಾಪ, ಎಷ್ಟು ಕಲಿತ ಹುಡುಗಿ," ಎನ್ನುವರು, ಕಲಿತದ್ದರಿಂದಲೇ ಬಂತು ಎಂಬ ಹಾಗೆ. ಯಾರ ಬಾಯಲ್ಲಿಯೂ ಕಾಯಿಲೆಯ ಹೆಸರಿಲ್ಲ. ಎಲ್ಲರಿಗೂ ಅನುಮಾನ ಇತ್ತು. ಕೇಳುವಷ್ಟು ಬೆನ್ನೆಲುಬು ಯಾರಿಗೂ ಇರಲಿಲ್ಲ.

ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಯಜಮಾನಿಕೆ ಅಮ್ಮನ ಅಣ್ಣನದು. ಪಡುಬಿದ್ರಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಈ ಮಾವ, ಪ್ರತಿ ಇಂಜೆಕ್ಷನ್ ಆದ ಮರುದಿನ ಬಂದು ಜಗಲಿಯಲ್ಲಿ ಕೂತು ಇಂಗ್ಲಿಷ್ ಮದ್ದಿನ ಮೇಲೆ ತೀರ್ಪು ಕೊಡುತ್ತಿದ್ದರು.

"ಅದೆಲ್ಲ ಹೀಟು. ಆ ಕೆಂಪು ಮದ್ದು ಉಂಟಲ್ಲ, ಅದು ಒಳಗೆ ಸುಟ್ಟು ಹಾಕ್ತದೆ. ಕೂದಲು ಹೋದದ್ದು ಯಾಕೆ? ಬೇರು ಸುಟ್ಟು. ಬೆಳ್ಮಣ್ಣಿನ ಹತ್ತಿರ ಒಬ್ಬರು ಸೊಪ್ಪು ಅರೆದು ಹಸಿಮದ್ದು ಕೊಡ್ತಾರೆ. ನಮ್ಮ ಅಂಗಡಿಯ ಅಕೌಂಟೆಂಟನ ಹೆಂಡತಿಗೆ ಎಂಟು ದಿನದಲ್ಲಿ ಇಳೀತು."

"ಅವರಿಗೆ ಎಂತ ಆಗಿತ್ತು ಮಾವ?"

"ಎಂತದೋ ಒಂದು. ಇಳಿದದ್ದು ಮುಖ್ಯ ಅಲ್ವಾ?"

ಮಣಿಪಾಲದಲ್ಲಿ ಇಂಜೆಕ್ಷನ್ ಕೊಡುವ ಹಾಲಿನಲ್ಲಿ ಸಾಲಾಗಿ ಒರಗು ಕುರ್ಚಿಗಳಿದ್ದವು. ಬೆಳಗ್ಗೆ ಕೂತರೆ ಮದ್ದೆಲ್ಲ ಇಳಿಯುವಾಗ ಮಧ್ಯಾಹ್ನ. ಎದುರಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಟಿವಿ. ಅದರ ರಿಮೋಟ್ ಯಾವ ಕಾಲದಲ್ಲೋ ಕಳೆದುಹೋಗಿತ್ತು, ಆದ್ದರಿಂದ ಅದು ಒಂದು ಸ್ಪೋರ್ಟ್ಸ್ ಚಾನೆಲಿನಲ್ಲಿಯೇ ಉಳಿದಿತ್ತು. ಮೊದಮೊದಲು ಕ್ರಿಕೆಟ್ ಇತ್ತು. ಏಪ್ರಿಲ್ ಬಂದದ್ದೇ ಬೆಳಗ್ಗಿನ ಹೊತ್ತು ಬೇಸ್‌ಬಾಲ್ ತೋರಿಸತೊಡಗಿದರು. ಅಲ್ಲಿ ಆಗ ಸೀಸನ್ ಶುರುವಾಗುವ ಕಾಲ. ಚಾನೆಲಿನವರಿಗೆ ಯಾಕೋ ಒಂದೇ ತಂಡದ ಮೇಲೆ ಪ್ರೀತಿ. ಅದೂ ಇಂಥ ತಂಡದ ಮೇಲೆ.

ನನ್ನ ಪಕ್ಕದ ಕುರ್ಚಿ ಲೀಲಕ್ಕನದು. ಕಾರ್ಕಳದವರು, ಅರುವತ್ತರ ಹತ್ತಿರದವರು. ನನ್ನದೇ ಜಾತಿಯ ಗಡ್ಡೆ, ಅವರಿಗೆ ಕಂಕುಳಲ್ಲಿ. ಅವರ ಗಂಡ ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಟೈಮ್ ಕೀಪರ್. ನಾವು ಮಾತನಾಡುತ್ತಿದ್ದದ್ದು ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ನಾಲಗೆಯ ಖಾರ ಸ್ವಲ್ಪ ಕಡಿಮೆಯಾಗಿದೆ.

ಬೇಸ್‌ಬಾಲ್ ಶುರುವಾದ ಮೊದಲ ದಿನ ಲೀಲಕ್ಕನಿಗೆ ತೂಕಡಿಕೆ ಹತ್ತಿತ್ತು. ಟಿವಿಯಲ್ಲಿ ಕಾಮೆಂಟರಿಯವನು ದೊಡ್ಡ ದನಿಯಲ್ಲಿ "ಸ್ಟ್ರೈಕ್!" ಎಂದ. ಅವರು ದಡಕ್ಕನೆ ಎದ್ದು ಕೂತರು. ಕೈಯ ಸೂಜಿ ಎಳೆದು ನಳಿಕೆ ಓಲಾಡಿತು.

"ಸ್ಟ್ರೈಕಾ? ಇವತ್ತಾ? ಬೆಳಗ್ಗೆ ಬಸ್ ಇತ್ತಲ್ಲ!"

"ಅದು ಬಸ್ಸಿನದ್ದಲ್ಲ ಲೀಲಕ್ಕ. ಆಟದ್ದು."

"ಆಟದವರೂ ಸ್ಟ್ರೈಕ್ ಮಾಡ್ತಾರಾ? ಇವರಿಗೆಂತ ಕಡಿಮೆಯಾಗಿದೆ?"

ನಮ್ಮ ಜಿಲ್ಲೆಯಲ್ಲಿ ಆ ಪದಕ್ಕೆ ಅರ್ಥ ಒಂದೇ. ಸ್ಟ್ರೈಕ್ ಅಂದರೆ ಬಸ್ಸಿಲ್ಲ. ನಾನು ಕಾಮೆಂಟರಿ ಕೇಳಿ ಕೇಳಿ ಊಹಿಸಿಕೊಂಡಿದ್ದ ನಿಯಮವನ್ನು ವಿವರಿಸಿದೆ. ಚೆಂಡು ಹೊಡೆಯಲು ಸಿಗುವ ಹಾಗೆ ಬಂದಿತ್ತು, ಬ್ಯಾಟಿನವನು ಬೀಸಲೇ ಇಲ್ಲ, ಸುಮ್ಮನೆ ನಿಂತ. ಸುಮ್ಮನೆ ನಿಂತದ್ದೂ ತಪ್ಪೇ. ಅದನ್ನು ಸ್ಟ್ರೈಕ್ ಎಂದು ಲೆಕ್ಕ ಹಿಡಿಯುತ್ತಾರೆ. ಮೂರಾದರೆ ಔಟ್.

"ಏನೂ ಮಾಡದ್ದಕ್ಕೆ ಔಟಾ?"

"ಏನೂ ಮಾಡದ್ದಕ್ಕೇ."

"ಸರಿಯೇ ಉಂಟು," ಎಂದರು ಲೀಲಕ್ಕ. "ಹಾಗಾದರೆ ನನ್ನ ಗಂಡ ಮದುವೆಯಾದ ದಿನವೇ ಔಟ್."

ಅಲ್ಲಿಂದ ಮುಂದೆ ನಾವಿಬ್ಬರೂ ಆ ತಂಡದ ಮೇಲೆ ಬಿದ್ದೆವು. ಕೈಗೆ ದಿಂಬಿನಷ್ಟು ದೊಡ್ಡ ಗ್ಲೌಸ್ ಹಾಕಿಕೊಂಡೂ ಕ್ಯಾಚ್ ಬಿಡುವವರು! ನಮ್ಮ ಕಾಪುವಿನ ಕಡಲ ಹೊಯಿಗೆಯಲ್ಲಿ ಆಡುವ ಪ್ರೈಮರಿ ಮಕ್ಕಳು ಬರಿಗೈಯಲ್ಲಿ ಹಿಡಿಯುತ್ತಾರೆ. ಒಬ್ಬ ಚೆಂಡನ್ನು ಹಿಡಿಯಬೇಕಾದವನ ತಲೆಯ ಮೇಲಿಂದ ಪ್ರೇಕ್ಷಕರಿಗೆ ಎಸೆದ. ಇನ್ನೊಬ್ಬ ಓಡುತ್ತ ಓಡುತ್ತ ತನ್ನದೇ ಜತೆಗಾರನಿಗೆ ಡಿಕ್ಕಿ ಹೊಡೆದ. ಪೆವಿಲಿಯನಿನಲ್ಲಿ ಕೂತವರು ಎಡೆಬಿಡದೆ ಉಗುಳುತ್ತಿದ್ದರು. "ಎಲೆಯಡಿಕೆ ಹಾಕಿದ್ದಾರಾ?" ಎಂದು ಲೀಲಕ್ಕ ಕೇಳಿದರು, ಸ್ವಲ್ಪ ಆಸೆಯಿಂದ, ಅವರದನ್ನು ಡಾಕ್ಟರು ಬಿಡಿಸಿದ್ದರು. ಸೋತ ಪ್ರತಿ ಆಟದ ಕೊನೆಗೂ ಕಾಮೆಂಟರಿಯವರು ಒಂದೇ ಮಾತು ಹೇಳುತ್ತಿದ್ದರು: ಸೀಸನ್ ಈಗಷ್ಟೇ ಶುರು, ಇನ್ನೂ ಬಹಳ ಉಂಟು. ನನ್ನನ್ನು ಪರೀಕ್ಷಿಸುತ್ತಿದ್ದ ಯುವ ಡಾಕ್ಟರೂ ಅದನ್ನೇ ಹೇಳುತ್ತಿದ್ದರು. ಆ ಮಾತಿನಲ್ಲಿ ಸಾಂತ್ವನ ಎಲ್ಲಿದೆ ಎಂದು ಇಬ್ಬರನ್ನೂ ಕೇಳಬೇಕಿತ್ತು. ಇನ್ನೂ ಬಹಳ ಉಂಟು ಎಂಬುದೇ ಅಲ್ಲವೇ ಸಂಕಟ?

ಮನೆಯಲ್ಲಿಯೂ ನೋಡತೊಡಗಿದೆ. ಬೆಳಗ್ಗೆ ಎದ್ದು, ತಲೆಗೆ ಸ್ಕಾರ್ಫ್ ಸುತ್ತಿ, ಗಂಜಿಯ ಬಟ್ಟಲು ಹಿಡಿದು ಟಿವಿ ಮುಂದೆ ಕೂರುವುದು. ಗೆಲ್ಲಲಿ ಎಂದಲ್ಲ. ಇವತ್ತು ಹೇಗೆ ಸೋಲುತ್ತಾರೆ ಎಂಬ ಕುತೂಹಲ. ಅಮ್ಮನಿಗೆ ಚಿಂತೆ ಹತ್ತಿತು. "ಇದೆಂತ ಕ್ರಿಕೆಟ್ ಮಾರಾಯ್ತಿ, ಎಲ್ಲ ಫುಲ್‌ಟಾಸೇ ಹಾಕುವುದು," ಎಂದು ನೋಡಲು ಬಂದವರೊಬ್ಬರು ಹೇಳಿದರು. ಯಾಕೆ ನೋಡುತ್ತಿದ್ದೆ ಎಂಬುದು ಈಗ ಯೋಚಿಸಿದರೆ ಅರ್ಥವಾಗುತ್ತದೆ. ಊರೆಲ್ಲ ನನ್ನನ್ನು ನೋಡಿ ಪಾಪ ಎನ್ನುತ್ತಿದ್ದ ದಿನಗಳಲ್ಲಿ, ನಾನು ತಿರುಗಿ ಛೀ ಎನ್ನಬಹುದಾಗಿದ್ದದ್ದು ಈ ಆಟಗಾರರಿಗೆ ಮಾತ್ರ. ಬ್ಯಾಟನ್ನು ಹೆಗಲಿಗಿಟ್ಟುಕೊಂಡು, ಚೆಂದದ ಚೆಂಡು ಹೊಟ್ಟೆಯ ಮುಂದೆಯೇ ಹಾದುಹೋಗುವುದನ್ನು ನೋಡುತ್ತ ನಿಲ್ಲುವ ಒಬ್ಬ ದಪ್ಪ ಮನುಷ್ಯನಿದ್ದ. ಅವನನ್ನು ಕಂಡರೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. "ಬೀಸು, ದಂಡಪಿಂಡ, ಬೀಸು!" ಎಂದು ಹಾಲಿನಲ್ಲಿ ನಾನು ಗಟ್ಟಿಯಾಗಿಯೇ ಹೇಳಿಬಿಟ್ಟಿದ್ದೆ ಒಮ್ಮೆ. ನರ್ಸ್ ತಿರುಗಿ ನೋಡಿದ್ದಳು. ಲೀಲಕ್ಕ ನಕ್ಕು ನಕ್ಕು ಕೆಮ್ಮಿದ್ದರು.

ಮದ್ದು ಒಳಗೊಳಗೆ ಸೇರುತ್ತ ಹೋದ ಹಾಗೆ ವಾಂತಿ ಇಂಜೆಕ್ಷನ್ನಿಗಿಂತ ಮೊದಲೇ ಬರತೊಡಗಿತು. ಉಡುಪಿಯಿಂದ ಹೊರಟ ಬಸ್ಸು ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತಬೇಕು, ಆಸ್ಪತ್ರೆಯ ಸ್ಪಿರಿಟಿನ ವಾಸನೆ ಎಲ್ಲಿಂದಲೋ ಮೂಗಿಗೆ ಬಂದು ಹೊಟ್ಟೆ ತೊಳಸುತ್ತಿತ್ತು. ಆಸ್ಪತ್ರೆ ಇನ್ನೂ ಕಾಣುತ್ತಲೇ ಇರಲಿಲ್ಲ. ಚೀಲದಲ್ಲಿ ಪ್ಲಾಸ್ಟಿಕ್ ಕವರು ಇಟ್ಟುಕೊಂಡೇ ಬಸ್ ಹತ್ತುವುದಾಯಿತು. ಬಸ್ಸಿನವರು ನನ್ನನ್ನು ಗರ್ಭಿಣಿ ಎಂದು ತಿಳಿದು ಸೀಟು ಬಿಡುತ್ತಿದ್ದರು. ಕುಂಕುಮ, ಕರಿಮಣಿ ಯಾವುದೂ ಇಲ್ಲದ್ದನ್ನು ಆಮೇಲೆ ಗಮನಿಸಿ ಅವರ ಮುಖ ಬದಲಾಗುವುದನ್ನು ನೋಡುವುದು ನನ್ನ ಇನ್ನೊಂದು ಮನರಂಜನೆ.

ಮೇ ತಿಂಗಳಲ್ಲಿ ಒಂದು ಇಂಜೆಕ್ಷನ್ನಿನ ಹಿಂದಿನ ಸಂಜೆ ಮಾವ ಬಂದರು. ಬೆಳ್ಮಣ್ಣಿನ ಹಸಿಮದ್ದಿನವರ ಹತ್ತಿರ ಮಾತನಾಡಿ ಆಗಿದೆ. ಆದರೆ ಇಂಗ್ಲಿಷ್ ಮದ್ದು ಪೂರ್ತಿ ನಿಲ್ಲಿಸಿದ ಮೇಲೆಯೇ ಅವರು ಕೊಡುವುದು. "ಹೇಗೂ ನಾಳೆ ಬಸ್ ಸ್ಟ್ರೈಕ್. ಯಾವನೋ ಕಂಡಕ್ಟರಿಗೆ ಹೊಡೆದರಂತೆ. ರಿಕ್ಷಾದವರೂ ಸೇರಿದ್ದಾರೆ. ದೇವರೇ ಮಾಡಿಸಿದ್ದು ಅಂತ ತಿಳಿದುಕೊಳ್ಳುವಾ," ಎಂದರು. ಅಮ್ಮ ನನ್ನ ಮುಖ ನೋಡಿದಳು.

ಡಾಕ್ಟರು ತಪ್ಪಿಸಬಾರದು ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಹಸಿಮದ್ದಿನಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಈ ಒಂದನ್ನು ಬಿಟ್ಟರೆ ಮುಂದಿನದಕ್ಕೂ ನಾನು ಆ ಏರು ಹತ್ತುವುದಿಲ್ಲ, ಗಡ್ಡೆ ಮತ್ತೆ ಬೆಳೆಯುತ್ತದೆ ಎಂಬುದೂ ತಿಳಿದಿತ್ತು. ಇಷ್ಟೆಲ್ಲ ತಿಳಿದವಳು ಹೇಳಿದ್ದು, "ಆಯಿತು ಮಾವ."

ಮರುದಿನ ಬೆಳಗ್ಗೆ ಹೆದ್ದಾರಿ ಹಬ್ಬದ ಮರುದಿನದ ಹಾಗೆ ಖಾಲಿ. ನಾನು ಟಿವಿ ಹಾಕಿ ಕೂತೆ. ದಪ್ಪ ಮನುಷ್ಯ ಬ್ಯಾಟ್ ಹಿಡಿದು ಬರುವ ಹೊತ್ತಿಗೆ ಫೋನ್ ಹೊಡೆದುಕೊಂಡಿತು.

"ಎಂತ ಟೀಚರ್, ಇನ್ನೂ ಮನೆಯಲ್ಲಾ?"

ಲೀಲಕ್ಕ. ಆಸ್ಪತ್ರೆಯ ಕಾಯಿನ್ ಬಾಕ್ಸಿನಿಂದ. ಹಿಂದಿನಿಂದ ಹಾಲಿನ ಗದ್ದಲ ಕೇಳುತ್ತಿತ್ತು.

"ಸ್ಟ್ರೈಕ್ ಅಲ್ವಾ ಲೀಲಕ್ಕ. ಬಸ್ಸಿಲ್ಲ."

"ಸ್ಟ್ರೈಕ್ ಅಂತ ನನಗೆ ಹೇಳ್ತೀಯಾ? ಮಾಡಿದ್ದೇ ನನ್ನ ಗಂಡ. ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ. ನಾನು ರಸ್ತೆಗೆ ಬಂದು ಮದುವೆ ದಿಬ್ಬಣದ ವ್ಯಾನಿಗೆ ಕೈ ಅಡ್ಡ ಹಿಡಿದೆ. ಮದುಮಗಳು ಹಿಂದೆ, ನಾನು ಮುಂದಿನ ಸೀಟು."

"ನಾನು ಮುಂದಿನ ವಾರ ಬರ್ತೇನೆ."

"ಎಂತ ಮುಂದಿನ ವಾರ? ಟಿವಿಯಲ್ಲಿ ಆ ದಪ್ಪದವ ಬ್ಯಾಟು ಹೆಗಲಿಗೆ ಇಟ್ಟು ನಿಂತರೆ ಬೈಯುವುದು ಯಾರು? ಬೀಸು ದಂಡಪಿಂಡ ಅಂತ? ಈಗ ನೀನು ಎಂತ ಮಾಡ್ತಾ ಇದ್ದೀ ಮಾರಾಯ್ತಿ?"

ನಾನು ಟಿವಿಯ ದನಿ ಕಡಿಮೆ ಮಾಡಿದೆ.

"ಮದ್ದು ಕಟ್ಟಿ ಇಟ್ಟಿದ್ದಾರೆ ಇಲ್ಲಿ. ನಿನ್ನ ಕುರ್ಚಿಗೆ ನಾನು ಚೀಲ ಇಟ್ಟಿದ್ದೇನೆ. ಒಬ್ಬ ಬಂದು ತೆಗೀರಿ ಅಂತ..." ಕೀ ಎಂಬ ಸದ್ದು ಬಂದು ಲೈನ್ ಕಡಿಯಿತು. ಒಂದು ರೂಪಾಯಿಯ ಮಾತು ಮುಗಿದಿತ್ತು.

ಟಿವಿಯಲ್ಲಿ ದಪ್ಪ ಮನುಷ್ಯ ಆಗಲೇ ಔಟಾಗಿ ತಲೆ ತಗ್ಗಿಸಿಕೊಂಡು ನಡೆದಿದ್ದ. ಅವನನ್ನು ಅಷ್ಟು ದಿನ ಎಷ್ಟು ತಾತ್ಸಾರದಿಂದ ನೋಡಿದ್ದೆನೋ ಅಷ್ಟೇ ತಾತ್ಸಾರದಿಂದ ನನ್ನನ್ನು ನೋಡಿಕೊಂಡೆ. ಎದ್ದು ಸ್ಕಾರ್ಫ್ ಬಿಗಿದೆ.

"ಅಮ್ಮ, ನಾನು ಹೋಗ್ತೇನೆ."

"ಮಾವನಿಗೆ ಎಂತ ಹೇಳುವುದು?"

"ಹಸಿಮದ್ದು ಅವರೇ ಕುಡಿಯಲಿ ಅಂತ ಹೇಳು."

ಅಮ್ಮ ಟಿವಿ ಆರಿಸಿದಳು. "ನಿಲ್ಲು, ಸೀರೆ ಬದಲಿಸಿ ಬರ್ತೇನೆ," ಎಂದಳು.

ರಸ್ತೆಯಲ್ಲಿ ಓಡಾಡುತ್ತಿದ್ದದ್ದು ಮೀನಿನ ಟೆಂಪೋಗಳು ಮಾತ್ರ. ಮನುಷ್ಯರು ಕಾಯಬಹುದು, ಬಂಗುಡೆ ಕಾಯುವುದಿಲ್ಲ. ಬಸ್‌ಸ್ಟಾಪಿನಲ್ಲಿ ನಮ್ಮ ಕೇರಿಯ ನಾಲ್ಕಾರು ಮಂದಿ ಸ್ಟ್ರೈಕಿನ ಸುದ್ದಿ ಮಾತನಾಡುತ್ತ ನಿಂತಿದ್ದರು. ಥೈರಾಯ್ಡಿಗೆ ಬ್ರೆಡ್ಡು ತಂದವರೇ. ಅಮ್ಮ ಒಳ್ಳೆಯ ಸೀರೆಯ ಸೆರಗು ಸಿಕ್ಕಿಸಿ ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತಳು. ಟೆಂಪೋ ನಿಂತಿತು.

"ಎಲ್ಲಿಗೆ ಅಮ್ಮ? ಇದು ಮೀನಿನದ್ದು. ಸೀರೆ ಹಾಳಾಗ್ತದೆ," ಎಂದ ಡ್ರೈವರ್.

"ಮಣಿಪಾಲಕ್ಕೆ. ಮಗಳಿಗೆ ಕ್ಯಾನ್ಸರ್. ಇವತ್ತು ಇಂಜೆಕ್ಷನ್ ಉಂಟು," ಎಂದಳು ಅಮ್ಮ. ಇಂಜಿನಿನ ಸದ್ದಿಗೆ ಕೇಳಿಸಲಿಕ್ಕಿಲ್ಲ ಎಂದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು.

ಬಸ್‌ಸ್ಟಾಪಿನಲ್ಲಿ ಮಾತು ನಿಂತುಹೋಯಿತು. ನಾನು ಅತ್ತ ತಿರುಗಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದೆ. ಅಷ್ಟು ತಿಂಗಳಲ್ಲಿ ಅಂಥ ಸುಖ ನನಗೆ ಸಿಕ್ಕಿರಲಿಲ್ಲ.

"ಹತ್ತಿ," ಎಂದ ಡ್ರೈವರ್. "ನಾನು ಮಣಿಪಾಲದ ಹಾಸ್ಟೆಲ್ ಮೆಸ್ಸಿಗೇ ಹೋಗುವುದು."

ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತೆವು. ಹಿಂದೆ ಐಸ್ ಕರಗಿದ ನೀರು ಗಟಗಟ ಎನ್ನುತ್ತಿತ್ತು. ಮೀನಿನ ವಾಸನೆ ಟೆಂಪೋ ತುಂಬ. ಕವರು ಕೈಯಲ್ಲೇ ಹಿಡಿದಿದ್ದೆ. ಇಂದ್ರಾಳಿ ದಾಟಿತು. ಏರು ಬಂತು. ಸ್ಪಿರಿಟಿನ ವಾಸನೆಗಾಗಿ ಕಾದೆ, ಬರಲಿಲ್ಲ. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿದ್ದ ವಾಸನೆಯ ಮುಂದೆ ಅದರ ಆಟ ನಡೆಯಲಿಲ್ಲ. ಏರು ಮುಗಿದು ಸರ್ಕಲ್ ಕಂಡಾಗ ಅಮ್ಮ ನನ್ನ ಕೈಯಿಂದ ಕವರು ತೆಗೆದು ಮಡಚಿ ತನ್ನ ಚೀಲಕ್ಕೆ ಹಾಕಿದಳು.

ಹಾಲಿಗೆ ಕಾಲಿಟ್ಟಾಗ ನರ್ಸ್ ಮೂಗು ಮುಚ್ಚಿಕೊಂಡಳು. ಲೀಲಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬಂಗುಡೆಯಾ? ಒಂದೆರಡು ತರಬಾರದಿತ್ತಾ?" ಎಂದು ಕುರ್ಚಿಯಿಂದ ಚೀಲ ತೆಗೆದರು. ಅವರ ಮಡಿಲಲ್ಲಿ ಒಂದು ಚೆಂಡು ಮಲ್ಲಿಗೆ. ನಮ್ಮಲ್ಲಿ ಮಲ್ಲಿಗೆ ಮಾರುವುದು ಚೆಂಡಿನ ಲೆಕ್ಕದಲ್ಲಿ. ದಿಬ್ಬಣದ ಹೆಂಗಸರು, ಮುತ್ತೈದೆ ಬರಿಗೈಯಲ್ಲಿ ಇಳಿಯಬಾರದು ಎಂದು ಕೊಟ್ಟದ್ದು. ಲೀಲಕ್ಕನ ಸ್ಕಾರ್ಫಿನ ಅಡಿಯಲ್ಲಿ ಕೂದಲಿಲ್ಲ ಎಂದು ಪಾಪ ಅವರಿಗೆ ಗೊತ್ತಾಗಿರಲಿಲ್ಲ.

"ಮುಡಿಯಲಿಕ್ಕೆ ನಿನಗೂ ಇಲ್ಲ, ನನಗೂ ಇಲ್ಲ," ಎಂದು ಲೀಲಕ್ಕ ಅದನ್ನು ಬಾಟಲಿ ನೇತುಹಾಕುವ ಕಂಬಿಗೆ ಸುತ್ತಿದರು. ಬೇಡ ಎನ್ನಲು ಬಂದ ನರ್ಸ್ ಹೂವಿಗೆ ತಾಗದ ಹಾಗೆ ಬಾಟಲಿ ನೇತುಹಾಕಿದಳು. ಮಲ್ಲಿಗೆಯ ಕೆಳಗಿನಿಂದ ಕೆಂಪು ಮದ್ದು ಇಳಿಯತೊಡಗಿತು.

ಟಿವಿಯಲ್ಲಿ ಬೆಳಗ್ಗಿನ ಆಟವನ್ನೇ ಮತ್ತೆ ತೋರಿಸುತ್ತಿದ್ದರು. ದಪ್ಪ ಮನುಷ್ಯ ಬಂದ, ಬ್ಯಾಟ್ ಹೆಗಲಿಗೆ ಇಟ್ಟ, ಎದೆಯ ಮಟ್ಟದಲ್ಲಿ ಬಂದ ಚೆಂಡನ್ನು ಗೌರವದಿಂದ ಹೋಗಲು ಬಿಟ್ಟ. ಸ್ಟ್ರೈಕ್ ಎಂಬ ಕೂಗು ಕೇಳಿತು.

"ಇವನಿಗೂ ಬಸ್ ಸಿಗಲಿಲ್ಲವಾ?" ಎಂದರು ಲೀಲಕ್ಕ.

ಸೂಜಿ ಚುಚ್ಚಿದ ಕೈ ಅಲುಗಾಡಿಸಬಾರದು ಎಂದು ನರ್ಸ್ ಗದರಿದಳು. ನಗುವಾಗ ಕೈಯೊಂದನ್ನು ಮಾತ್ರ ಹೇಗೆ ಅಲುಗಾಡಿಸದೆ ಇಡುವುದು ಎಂದು ಅವಳು ಹೇಳಲಿಲ್ಲ.

ಜೂನಿನಲ್ಲಿ ಸ್ಕ್ಯಾನ್ ಆಯಿತು. ಗಡ್ಡೆ ಇದ್ದ ಜಾಗದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದರು ಡಾಕ್ಟರು. ಉಳಿದ ಇಂಜೆಕ್ಷನ್‌ಗಳನ್ನು ಮುಗಿಸಿದೆ. ಅದು ತಾನು ಹೇಳಿಕೊಂಡ ಹರಕೆಯ ಫಲ ಎಂದು ಮಾವ ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ, ಊಟ ತಣ್ಣಗಾಗುತ್ತದೆ. ಆ ತಂಡದ ಗತಿ ಏನಾಯಿತೋ ತಿಳಿಯದು. ಮಳೆ ಹಿಡಿಯುವ ಹೊತ್ತಿಗೆ ಚಾನೆಲಿನವರಿಗೂ ಅವರ ಮೇಲೆ ಜಿಗುಪ್ಸೆ ಬಂದು ಟೆನಿಸ್ ಹಾಕಿದ್ದರು.

ಕಲೆ ಉಳಿದಿದೆ. ಅಮ್ಮ ಈಗ ಅದರ ಬಗ್ಗೆ ಮಾತನಾಡುವುದಿಲ್ಲ.

ಕಳೆದ ತಿಂಗಳು ಮತ್ತೆ ಬಸ್ ಸ್ಟ್ರೈಕ್ ಇತ್ತು. ನನಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಕಾಲೇಜಿಗೆ ರಜೆ. ಬೆಳಗ್ಗೆ ಕಾಫಿ ಮಾಡುತ್ತಿರುವಾಗ ಫೋನ್ ಬಂತು. ಅವತ್ತು ಜಿಲ್ಲೆಯಲ್ಲಿ ನನಗೆ ಫೋನ್ ಮಾಡುವವರು ಯಾರೆಂದು ನನಗೆ ಗೊತ್ತಿತ್ತು.

"ಸ್ಟ್ರೈಕ್ ಅಂತೆ ಟೀಚರ್," ಎಂದರು ಕಾರ್ಕಳದಿಂದ ಲೀಲಕ್ಕ. "ಎಂತ, ಹೊರಟಿದ್ದೀಯಾ ಇಲ್ವಾ?"